ಬ್ರಿಟಿಷರ ಕಾಲದ ಸ್ಪೆಲಿಂಗ್

ಊರಿನಿಂದ ನನ್ನ ತಮ್ಮನ ಹೆಂಡತಿ ದೇವರ ಬತ್ತಿ ಹೊಸೆಯಲೆಂದು ಹತ್ತಿ ಕಳಿಸಿದ್ದಳು. ಇಲ್ಲಿ ಕುವೈತಿನ ಅಬ್ಬಾಸಿಯಾದ ಅಂಗಡಿಗಳಲ್ಲಿ ಬತ್ತಿಯ ಪಾಕೀಟಿಗೇನೂ ಬರವಿಲ್ಲ. ಆದರೂ ನನಗೆ ಕಾಳು ಬಿಡಿಸದ ಹತ್ತಿಯೇ ಆಗಬೇಕು, ಏನು ಮಾಡುವುದು, ಹುಟ್ಟುಗುಣ! ಹೋದ ಗುರುವಾರ ಸಂಜೆ ಗಂಟು ಬಿಚ್ಚಿದೆ. ಒಣಗಿದ ಎಲೆಯ ಚೂರು, ಹತ್ತಿಕಾಳಿನ ಎಣ್ಣೆ, ಧೂಳು ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯ ತುದಿಯ ಹತ್ತಿ ಗಿರಣಿಯ ಬಾಗಿಲಲ್ಲಿ ನಿಂತಂತಾಯಿತು. ಆ ಗಿರಣಿಯ ಒಡತಿಯನ್ನು ಊರೆಲ್ಲ ಮೆಂಬರ್ ಅವ್ವಾರು ಎಂದೇ ಕರೆಯುತ್ತಿತ್ತು.

ನಾನು ಕಂಡಾಗ ಅವ್ವಾರಿಗೆ ಎಪ್ಪತ್ತು ದಾಟಿತ್ತು. ಕನ್ನಡಕದ ಒಂದು ಕಡ್ಡಿ ಮುರಿದು, ಅಲ್ಲಿ ದಾರ ಕಟ್ಟಿಕೊಂಡಿದ್ದರು. ಚಿಕ್ಕ ವಯಸ್ಸಿಗೇ ಗಂಡ ಹೋದಾಗ ಮೈದುನರೆಲ್ಲ ಸೇರಿ ಗಿರಣಿ ಮಾರಿಬಿಡು ಎಂದರಂತೆ. ಇವರು ಮಾರಲಿಲ್ಲ, ಪೇಟೆಗೇ ಹೋಗಿ ಕೂತರು. ಆ ಕಾಲದಲ್ಲಿ ದಲಾಲಿಗಳು ಟವಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಗುಟ್ಟಾಗಿ ರೇಟು ಕುದುರಿಸುತ್ತಿದ್ದರು. ಪರಗಂಡಸಿನ ಜೊತೆ ಹೆಣ್ಣುಮಗಳು ಟವಲಿನ ಕೆಳಗೆ ಹೇಗೆ ಕೈ ಇಟ್ಟಾಳು, ಎರಡು ದಿನಕ್ಕೆ ಮನೆಗೆ ಹೋಗುತ್ತಾಳೆ ಎಂದು ಪೇಟೆಯವರು ನಕ್ಕರು. ಅವ್ವಾರು ಟವಲನ್ನೇ ಎತ್ತಿ ಆಚೆಗಿಟ್ಟು, ನನ್ನ ಹತ್ತಿ ಬೇಕಾದವರು ಬಾಯಿಬಿಟ್ಟು ರೇಟು ಹೇಳಲಿ ಎಂದರಂತೆ. ಹೇಳಿದರು! ಮುಂಬಯಿಯ ದೊಡ್ಡ ದೊಡ್ಡ ಕಂಪನಿಯವರೂ ಬಂದು ಅವ್ವಾರ ಮುಂದೆ ಬಾಯಿಬಿಟ್ಟೇ ಹೇಳಿದರು. ಈ ಕಥೆ ಹೇಳುವಾಗ ನನ್ನ ಅಜ್ಜ ತಾನೇ ವ್ಯಾಪಾರ ಗೆದ್ದವನ ಹಾಗೆ ಮೀಸೆ ತಿರುವುತ್ತಿದ್ದ.

ಬ್ರಿಟಿಷ್ ಸರ್ಕಾರ ಅವರನ್ನು ಮುನಸಿಪಾಲಿಟಿಗೆ ನೇಮಿಸಿದ್ದು ಆಮೇಲೆ. ಸಭೆಯಲ್ಲಿ ಅವರೊಬ್ಬರೇ ಹೆಂಗಸು. ಸರ್ಕಾರ ಕೂರಿಸಿದವರು ಸರ್ಕಾರ ಹೇಳಿದ್ದಕ್ಕೆ ಕೈ ಎತ್ತಬೇಕು, ಅದು ಯಾರೂ ಬಾಯಿಬಿಟ್ಟು ಹೇಳದ ಕರಾರು. ಊರಿಗೆ ಮೊದಲ ಸಲ ನಳದ ನೀರು ಬರುವುದಿತ್ತು. ಸಾಹೇಬರ ಬಂಗಲೆಗಳಿಗೆ ಮತ್ತು ಗಿರಣಿಗಳಿಗೆ ಮೊದಲು, ಓಣಿಗಳಿಗೆ ಆಮೇಲೆ ನೋಡೋಣ ಎಂದು ಠರಾವು ಬಂತು. ಅವ್ವಾರ ಗಿರಣಿಯೂ ಪಟ್ಟಿಯಲ್ಲಿತ್ತು. ಆದರೂ ಅವರು ಎದ್ದು ನಿಂತು, ನನಗೆ ಒಪ್ಪಿಗೆಯಿಲ್ಲ, ಹಾಗೆಂದು ಬರೆದುಕೊಳ್ಳಿ ಎಂದರು. ಅಧ್ಯಕ್ಷರು ನಕ್ಕು ತಲೆಯಾಡಿಸಿದರು. ಮರುದಿನ ಊರಿಗೆ ತಿಳಿದದ್ದು ಮಾತ್ರ, ಠರಾವು ಎಲ್ಲರ ಒಪ್ಪಿಗೆಯಿಂದ ಪಾಸಾಯಿತೆಂದು.

ಗಿರಣಿಗೆ ನಳ ಬಂತು, ಓಣಿಗೆ ಬರಲಿಲ್ಲ. ಬಂಗಲೆಯವರಿಗೆ ಕೈ ಎತ್ತಿ ತನ್ನ ಗಿರಣಿಗೆ ನೀರು ಮಾಡಿಕೊಂಡಳು ಎಂದು ಓಣಿ ಉಗಿಯಿತು. ನಾನು ಒಪ್ಪಿರಲಿಲ್ಲ ಎಂದು ಅವರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅವ್ವಾರು ಒಂದು ನಳವನ್ನು ಗೋಡೆಯ ಹೊರಗೆ, ಓಣಿಯ ಕಡೆಗೆ ಹಾಕಿಸಿದರು. ನಮ್ಮ ಜನ ಅದೇ ನಳದಲ್ಲಿ ಕೊಡ ತುಂಬಿಕೊಳ್ಳುತ್ತ ಅವರನ್ನೇ ಬೈದರು, ಮೂವತ್ತು ವರ್ಷ! ನನ್ನ ಅಜ್ಜನೂ ಬೈದವನೇ. ಟವಲಿನ ಕಥೆ ಹೇಳಿದ ಬಾಯಿಯಿಂದಲೇ...

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮುನಸಿಪಾಲಿಟಿಯವರು ಹಳೆಯ ಕಾಗದವನ್ನೆಲ್ಲ ರದ್ದಿಗೆ ಹಾಕಿದರು. ಅಲ್ಲಿನ ಮುದಿ ಜವಾನನೊಬ್ಬ ಆ ವರ್ಷದ ಠರಾವು ಪುಸ್ತಕವನ್ನು ಎತ್ತಿಟ್ಟು ಅವ್ವಾರಿಗೆ ತಂದುಕೊಟ್ಟ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಅವ್ವಾರಿಗೆ ಇಂಗ್ಲಿಷ್ ಬಾರದು. ಅಜ್ಜನನ್ನೂ ಓಣಿಯ ನಾಲ್ಕು ಜನ ಹಿರಿಯರನ್ನೂ ಕಟ್ಟೆಯ ಮೇಲೆ ಕೂರಿಸಿ, ಓದಲು ನನ್ನನ್ನು ಕರೆಸಿದರು. ದೊಡ್ಡವರಾರಾದರೂ ಓದಲಿ ಎಂದು ಅಜ್ಜ ಅಂದಾಗ ಅವ್ವಾರು ಒಪ್ಪಲಿಲ್ಲ.

"ದೊಡ್ಡೋರು ನನ್ನ ಮುಲಾಜಿಗೆ ಏನಾರ ಓದ್ತಾರ. ಈ ಹುಡುಗಿ ಇದ್ದದ್ದು ಇದ್ದಂಗ ಓದ್ತಾಳ."

ಕ್ಲಾಸಿಗೇ ಇಂಗ್ಲಿಷಿನಲ್ಲಿ ಮೊದಲು ಬರುವವಳು ನಾನು, ಕೇಳಬೇಕೇ ಜಂಬ! ನೀರಿನ ಠರಾವು ಹುಡುಕಿದೆ. ಕೊನೆಗೆ ಲೇಡಿ ಮೆಂಬರ್ ಎಂದಿತ್ತು, ಅದರ ಮುಂದೆ ಒಂದೇ ಶಬ್ದ. ಡೀಸೆಂಟ್ ಇದ್ದಹಾಗಿದೆ, ಆದರೆ ಡಿ, ಐ, ಎರಡೆರಡು ಎಸ್ಸು... ಬ್ರಿಟಿಷರ ಕಾಲದ ಸ್ಪೆಲಿಂಗ್ ಹೀಗೇ ಇರಬೇಕು ಎಂದುಕೊಂಡು ಗಟ್ಟಿಯಾಗಿ ಅರ್ಥ ಹೇಳಿದೆ, ಈ ಹೆಣ್ಣು ಮೆಂಬರು ಭಾಳ ಡೀಸೆಂಟ್ ಇದ್ದರು, ಮರ್ಯಾದಸ್ತೆ ಎಂದು ಬರೆದಿದ್ದಾರೆ. ಯಾರೋ ಕಿಸಕ್ಕನೆ ನಕ್ಕರು. ಅಜ್ಜ ಟೋಪಿ ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದ. ಅವ್ವಾರು ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ಆಕಿ ಭಾಳ ಛಲೋಕಿ ಅಂತ ಬರದು, ಆಕಿ ಮಾತು ನುಂಗಿದ್ರು ನೋಡವಾ."

ಮತ್ತೆ ಆ ಮಾತು ಎತ್ತಲಿಲ್ಲ. ಮರುವರ್ಷ ಹೋಗಿಬಿಟ್ಟರು. ಗಿರಣಿ ಹೋಯಿತು, ಮನೆ ಹೋಯಿತು, ಪುಸ್ತಕ ಎಲ್ಲಿ ಹೋಯಿತೋ...

ಆ ಗುರುವಾರ ಹತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಇಲ್ಲಿನ ನಮ್ಮ ಕನ್ನಡದವರ ಮೀಟಿಂಗ್ ಮುಗಿಸಿ ಬಂದಳು. ಮುಖ ಕೆಂಪಾಗಿತ್ತು. ಹಬ್ಬದ ಊಟಕ್ಕೆ ಸಬ್ಹಾನಿನ ಕಾರ್ಖಾನೆಗಳ ಕಡೆ ಕ್ಯಾಂಪುಗಳಲ್ಲಿರುವ ಕೂಲಿ ಕೆಲಸಗಾರರನ್ನು ಕರೆಯುವುದು ಬೇಡ, ಜಾಗ ಸಾಲದು ಎಂದು ಕಮಿಟಿ ತೀರ್ಮಾನಿಸಿತಂತೆ. ಇವಳೊಬ್ಬಳು ಒಪ್ಪದೆ, ಅದನ್ನು ಬರೆಸಿಯೇ ಎದ್ದು ಬಂದಿದ್ದಳು. ಫೋನು ನನ್ನ ಮುಖಕ್ಕೆ ಹಿಡಿದಳು. ಅವಳ ಹೆಸರಿನ ಮುಂದೆ ಅದೇ ಶಬ್ದ, ಅದೇ ಎರಡು ಎಸ್ಸು. ನಿನ್ನನ್ನು ಡೀಸೆಂಟ್ ಅಂತ ಯಾಕೆ ಬರೆದಿದ್ದಾರೆ ಎಂದು ಕೇಳಿದೆ.

"ಡೀಸೆಂಟ್ ಅಲ್ಲಮ್ಮಾ, ಡಿಸೆಂಟ್. ಅಂದ್ರೆ ಐ ಡಿಡ್ ನಾಟ್ ಅಗ್ರೀ."

ಫೋನು ಇಸಿದುಕೊಂಡು ಮತ್ತೊಮ್ಮೆ ಓದಿದೆ. ಮೂವತ್ತೆರಡು ವರ್ಷ ಕುವೈತಿನಲ್ಲಿದ್ದೇನೆ, ಇಂಗ್ಲಿಷಿನಲ್ಲೇ ಸಂಸಾರ ನಡೆಸಿದ್ದೇನೆ, ಈ ಒಂದು ಶಬ್ದ ನನ್ನ ದಾರಿಗೆ ಬಂದಿರಲಿಲ್ಲ. ಆ ಗುಮಾಸ್ತ ಯಾರೋ ಪುಣ್ಯಾತ್ಮ, ಸರಿಯಾಗಿಯೇ ಬರೆದಿಟ್ಟಿದ್ದ. ಸಾಹೇಬರೆಲ್ಲ ಕೂತ ಸಭೆಯಲ್ಲಿ, ತನ್ನ ಗಿರಣಿಯ ನೀರನ್ನೇ ಬೇಡವೆಂದ ಹೆಂಗಸು! ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಅಳು ಬಂತು. ಓಣಿಯ ಮುಂದೆ ಅವರು ತಲೆಯೆತ್ತುವ ಒಂದೇ ಒಂದು ಗಳಿಗೆಯನ್ನು ನಾನೇ ಕೆಡಿಸಿದ್ದೆ.

ತಡೆಯಲಾಗದೆ ಊರಿಗೆ ಫೋನು ಮಾಡಿದೆ. ತಮ್ಮನ ಹೆಂಡತಿ ಈಗಲೂ ಅದೇ ಓಣಿಯಲ್ಲಿದ್ದಾಳೆ. ಎಲ್ಲ ಹೇಳಿ, ಮೆಂಬರ್ ಅವ್ವಾರು ಅವತ್ತು ನಮ್ಮ ಓಣಿಗಾಗಿಯೇ ಎದ್ದು ನಿಂತಿದ್ದರು, ಅಕ್ಕಪಕ್ಕದವರಿಗೆಲ್ಲ ಹೇಳು ಎಂದೆ. ಪಾಪ, ಪೂರ್ತಿ ಕೇಳಿಸಿಕೊಂಡಳು.

"ಯಾವ ಮೆಂಬರ್ ಅವ್ವಾರ್ರೀ, ಅಕ್ಕಾರ?"

ಬೈದವರೂ ಇಲ್ಲ, ನಕ್ಕವರೂ ಇಲ್ಲ. ಅದಕ್ಕೇ ನಾನು ಇಲ್ಲಿ ಬರೆದಿಡುತ್ತಿದ್ದೇನೆ, ಕನ್ನಡದಲ್ಲಿ: ಅವ್ವಾರು ಒಪ್ಪಿರಲಿಲ್ಲ.