ಕೌದಿಗೆ ಬಾರದ ಸೀರೆಗಳು

ಹಳೆಯ ಬಟ್ಟೆಯನ್ನು ಇನ್ನು ಬಿಸಾಡುವುದಿಲ್ಲ, ಅದನ್ನೇ ಜೋಡಿಸಿ ಹೊದೆಯಲು ಕೌದಿ ಹೊಲಿಸುತ್ತೇನೆ ಎಂದು ಪಣತೊಟ್ಟ ವರ್ಷ, ಸಪ್ತಾಪುರದ ನಮ್ಮ ಮನೆಗೆ ಹತ್ತಿರದ ಹಳ್ಳಿ ಮುಗದದಿಂದ ಕೌದಿ ಹೊಲಿಯುವ ಅಜ್ಜಿಯನ್ನು ಕರೆಸಿದೆ. ಕಪಾಟಿನ ಹಳೆಯ ಸೀರೆಗಳನ್ನೆಲ್ಲ ತೆಗೆದು ಹೆಮ್ಮೆಯಿಂದ ಆಕೆಯ ಮುಂದೆ ರಾಶಿ ಹಾಕಿದೆ. ಆಕೆ ಒಂದೊಂದನ್ನೇ ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕಿಟ್ಟಳು.

"ಎಲ್ಲಾ ಪಾಲಿಸ್ಟರ್ ಅದಾವ್ರಿ ಅಕ್ಕಾರ. ಬೆವರು ಹೀರಂಗಿಲ್ಲ. ಕೌದಿಗೆ ಉಟ್ಟು ಮೆತ್ತಗಾದ ಹತ್ತಿ ಸೀರಿ ಬೇಕ್ರಿ."

ಅಂಥದ್ದು ನನ್ನಲ್ಲಿ ಒಂದೂ ಇರಲಿಲ್ಲ. ಸೇಲ್ ಎಂದರೆ ಸಾಕು, ಓಡಿಹೋಗಿ ಅಗ್ಗದ ಸೀರೆ ತಂದವಳು ನಾನೇ. ಆ ರಾಶಿ ಕಸದ ಗಾಡಿ ಸೇರಿತು. ಆದರೂ ನನ್ನ ಹಟ ಇಳಿಯಲಿಲ್ಲ. ಅಂದೇ ಹುಬ್ಬಳ್ಳಿಗೆ ಹೋಗಿ ಕೈಮಗ್ಗದ ನಾಲ್ಕು ಹೊಸ ಸೀರೆ ತಂದು, ಮರುದಿನ ಅಜ್ಜಿ ಬಂದಾಗ ಕತ್ತರಿಯ ಜೊತೆ ಮುಂದಿಟ್ಟೆ.

ಆಕೆ ಮಡಿಕೆ ಕೂಡ ಬಿಚ್ಚಲಿಲ್ಲ. "ಒಮ್ಮೀನೂ ಉಡಲಾರದ ಸೀರಿಗೆ ಕತ್ತರಿ ಹೆಂಗ ಹಚ್ಚಲ್ರಿ?" ಎಂದು ಸೂಜಿ, ದಾರವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಗೇಟು ದಾಟುವಾಗ ಆಕೆಯ ಬೆನ್ನು ನೋಡಿದೆ. ಉಟ್ಟ ಸೀರೆಗೆ ಮೂರು ಕಡೆ ತೇಪೆ ಇತ್ತು. ಎರಡು ದಿನ ನನ್ನೆದುರೇ ಕೂತಿದ್ದಳು. ಕತ್ತರಿಸಲು ನಾಲ್ಕು ಸೀರೆ ತಂದ ನನಗೆ, ಉಡಲು ಒಂದನ್ನು ಕೊಡಬೇಕೆಂದು ಹೊಳೆದೇ ಇರಲಿಲ್ಲ.