ಮುಸ್ತಕೀಮ ಎಣ್ಣೆ ಹಾಕಿದ್ದನೋ ಇಲ್ಲವೋ

ಅದಕ್ಕೇ ಹೇಳಿದ್ದು, ಮುಸ್ತಕೀಮನಿಗೆ ಕೂತಲ್ಲಿ ಕೂರಲು ಬರುವುದಿಲ್ಲ ಅಂತ. ಬೀದರಿನ ಚಿದ್ರಿಯಲ್ಲಿ ಅವನದು ಹುಲ್ಲು ಕತ್ತರಿಸುವ ಮಷೀನು, ಔಷಧ ಹೊಡೆಯುವ ಪಂಪು ರಿಪೇರಿ ಮಾಡುವ ಅಂಗಡಿ. ಒಂದನ್ನು ಬಿಚ್ಚುತ್ತಲೇ ಇನ್ನೊಂದಕ್ಕೆ ಕೈ ಹಾಕುತ್ತಾನೆ, ಚಹಾ ಕೂಡ ನಿಂತೇ. ಅಂಥವನಿಗೆ ಚಿಂತಾಕಿಯ ಲೀಲಾಬಾಯಿ ಫೋನ್ ಹಚ್ಚಿದಳು.

"ನೀ ಸರ್ವಿಸ್ ಮಾಡಿಕೊಟ್ಟ ಹುಲ್ಲಿನ ಮಷೀನ್ ಜಾಮ್ ಆಗ್ಯಾದ. ಹಗ್ಗ ಜಗ್ಗಿದ್ರ ಗ್ವಾಡಿ ಜಗ್ಗಿದಂಗ ಆಗ್ಲಕತ್ತದ! ಆಯಿಲ್ ಹಾಕಿದ್ಯೋ ಇಲ್ಲೋ?"

"ಹಾಕೀನ್ರಿ ಬಾಯಿ" ಅಂದನೇನೋ ನಿಜ. ಆದರೆ ಹಳೆ ಎಣ್ಣೆ ಇಳಿಸಿದ್ದು ನೆನಪಿದೆ, ಹೊಸದು ಸುರಿದದ್ದು ನೆನಪಿಗೇ ಬರುತ್ತಿಲ್ಲ. ಎಣ್ಣೆ ಇಲ್ಲದೆ ಓಡಿದ್ದರೆ ಪಿಸ್ಟನ್ ಕಾದು ಕಚ್ಚಿಕೊಂಡಿರುತ್ತದೆ. ಎಂಜಿನ್ ಮುಗಿಯಿತು, ಅವನ ಹೆಸರೂ. ಅಂಗಡಿ ಮುಚ್ಚಿ ಬೈಕ್ ಹತ್ತಿದ. ಜನವಾಡ ದಾಟುವಾಗ ಹಾಕಿದ್ದೆ ಅನ್ನಿಸಿತು, ಔರಾದ ಬರುವಷ್ಟರಲ್ಲಿ ಇಲ್ಲ ಅನ್ನಿಸಿತು.

ಅಂಗಳದಲ್ಲಿ ಲೀಲಾಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಬಾರಪಾ ಬಿರುಗಾಳಿ. ಇದು ಸತ್ತಿದ್ರ ನಮ್ಮೂರ ಮಷೀನ್ ಎಲ್ಲಾ ಇನ್ಮ್ಯಾಲ ಭಾಲ್ಕಿ ಮಿಸ್ತ್ರಿ ಬಲ್ಲಿ ಹೋಗ್ತಾವ, ಹೇಳೀನಿ."

ಮುಚ್ಚಳ ಬಿಚ್ಚಿ, ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡಿದ. ಒಣ ಒಣ.

ಆದರೂ ಸ್ಪಾರ್ಕ್ ಪ್ಲಗ್ ಬಿಚ್ಚಿದ. ಪ್ಲಗ್ ತೆಗೆದ ಮೇಲೂ ಎಂಜಿನ್ ತಿರುಗದಿದ್ದರೆ ಪಿಸ್ಟನ್ ಕಚ್ಚಿಕೊಂಡಿದೆ ಎಂದರ್ಥ. ತಿರುಗಿದರೆ ಅದರ ತಲೆಯ ಮೇಲೆ ಏನೋ ತುಂಬಿ ತಡೆದಿದೆ ಅಷ್ಟೇ. ಕಣ್ಣು ಮುಚ್ಚಿ ಹಗ್ಗ ಎಳೆದ. ಗಿರ್ರನೆ ಬಂತು! ಪ್ಲಗ್ಗಿನ ತೂತಿನಿಂದ ಎಣ್ಣೆ ಚಿಮ್ಮಿ ಅವನ ಗಡ್ಡ, ಅಂಗಿ, ಲೀಲಾಬಾಯಿಯ ಸೆರಗು, ಯಾವುದನ್ನೂ ಬಿಡಲಿಲ್ಲ.

"ಅಯ್ಯ ನಿನ್ನ! ನನ್ನ ಸೀರಿ!"

"ಹೊಸಾ ಆಯಿಲ್ ರೀ ಬಾಯಿ, ಹೊಸಾದು! ಕೆಳಗಿಂದೆಲ್ಲಾ ಮ್ಯಾಲ ಏರ್ಯಾದ. ಮಷೀನ್ ಹ್ಯಾಂಗ ಇಟ್ಟಿದ್ರಿ?"

"ಇಲಿ ಪೆಟ್ರೋಲ್ ಪೈಪ್ ಕಡಿತಾವ ಅಂತ ಜಂತಿಗಿ ಕಟ್ಟಿದ್ದೆ, ಉಳ್ಳಾಗಡ್ಡಿ ಗೊಂಚಲ ಕಟ್ಟಿದಂಗ. ತೆಲಿ ಕೆಳಗ ಮಾಡಿ."

"ನಿಮಗ ಹಂಗ ಕಟ್ಟಿದ್ರ ನೀವರ ಎದ್ದು ಓಡಾಡ್ತಿದ್ರೇನ್ರಿ?"

ಎಲ್ಲ ಒರೆಸಿ, ಎಣ್ಣೆ ತುಂಬಿ ಎಳೆದಾಗ ಮಷೀನು ಹೊಗೆಯುಗುಳಿ ಎದ್ದಿತು. "ಆಯ್ತು ಬಿಡು, ಭಾಲ್ಕಿ ಮಿಸ್ತ್ರಿಗಿ ನಮ್ಮೂರ ಋಣ ಇಲ್ಲ" ಎಂದು ನಕ್ಕಳು ಲೀಲಾಬಾಯಿ. ಇನ್ನೊಬ್ಬನಾಗಿದ್ದರೆ ಹಾಡುತ್ತ ಮನೆಗೆ ಹೋಗುತ್ತಿದ್ದ. ಇವನು ಔರಾದದಲ್ಲಿ ಬೈಕ್ ನಿಲ್ಲಿಸಿ ಇನ್ನೊಬ್ಬ ಗಿರಾಕಿಗೆ ಫೋನ್ ಹಚ್ಚಿದ: "ಹಾವಗೆಪ್ಪಣ್ಣ, ನಿಮ್ ಪಂಪಿನ್ಯಾಗ ಆಯಿಲ್ ಅದಾ ಇಲ್ಲಾ, ಸ್ವಲ್ಪ ನೋಡ್ರಿ."

ಚಿದ್ರಿ ಕಡೆ ಹೋದರೆ ಅವನನ್ನೊಮ್ಮೆ ಕಂಡು ಬನ್ನಿ. ಮಷೀನು ಕೆಟ್ಟಿರಲೇಬೇಕೆಂದೇನಿಲ್ಲ. ಜೊತೆಗೆ ಚಹಾ ಕುಡಿಯಿರಿ, ಸಾಧ್ಯವಾದರೆ ಕೂರಿಸಿ.