ಕೋರೆಯ ಸಂಕಪ್ಪನ ಸಂಶಯ

ಸಂಕಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಪುತ್ತಿಗೆಯ ಕೆಂಪುಕಲ್ಲಿನ ಕೋರೆಯಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷದಿಂದ ಕಲ್ಲು ಕೊಯ್ಯುವ ಮೆಶಿನ್ ಓಡಿಸುವವರು. ಆ ಗದ್ದಲದಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಸನ್ನೆ. ಅಂಗೈ ಅಡ್ಡ ಹಿಡಿದರೆ ನಿಲ್ಲಿಸು, ಹೆಬ್ಬೆರಳು ಬಾಯಿಗಿಟ್ಟರೆ ಚಹಾ.

ಧಣಿಗಳು ಕಿವಿ ಮುಚ್ಚುವ ಮಫ್ ತಂದುಕೊಟ್ಟಾಗ ಸಂಕಪ್ಪ ಅದನ್ನು ಮೂಸಿ ನೋಡಿದ. "ಮಳೆಗೆ ಟಾರ್ಪಾಲು ಕೊಡದವರು ಇದನ್ನು ಯಾಕೆ ಕೊಡ್ತಾರೆ? ಏನೋ ಉಂಟು ಮಾರಾಯ!" ಎಂದು ಮೆಶಿನ್ನಿಗೆ ನೇತುಹಾಕಿದ. ಬೆವರುತ್ತದೆ ಎಂದು ನಾನೂ ಹಾಕಲಿಲ್ಲ.

ಈ ವರ್ಷ ಅವನ ಸಂಶಯ ಮನೆಗೇ ಹೊಕ್ಕಿತು. ಹೆಂಡತಿ ಕಾಂತಿ, ಮಗಳು ಪ್ರಾಪ್ತಿ ಇಬ್ಬರೂ ತನ್ನನ್ನು ಕಂಡರೆ ಪಿಸುಗುಟ್ಟುತ್ತಾರಂತೆ. ಮಗಳು ಫೋನಿನಲ್ಲೂ ಗುಟ್ಟಾಗಿ ಮಾತಾಡುತ್ತಾಳಂತೆ.

"ಯಾರೋ ಹುಡುಗ ಇದ್ದಾನೆ. ಸೋಮವಾರದಿಂದ ಅವಳ ಕಾಲೇಜು ಬಂದ್" ಎಂದ.

ಮುಂದಿನ ವಾರ ಹುಡುಗಿಗೆ ಪರೀಕ್ಷೆ! ನನಗೆ ಮೈ ಉರಿಯಿತು. "ನನ್ನ ಹೆಂಡತಿ ಅವ್ವಮ್ಮನೂ ಬಾಯೊಳಗೇ ಗೊಣಗುವುದು. ಹಾಗಂತ ಸಂಶಯಪಡ್ತೇನಾ?" ಎಂದು ಜೋರು ಮಾಡಿದೆ.

ಸಂಜೆ ಪ್ರಾಪ್ತಿ ನನ್ನ ಬಳಿ ಬಂದು ಅತ್ತಳು. "ಅಪ್ಪನಿಗೆ ಕಿವಿ ಕೇಳುವುದಿಲ್ಲ ಶರೀಫಾಕ. ಹೇಳಿದರೆ ನಂಬುವುದಿಲ್ಲ."

"ನಿನ್ನ ಕಿವಿ ಸರಿ ಇದ್ದರೆ ನಾನೇ ಅವಳ ಕಾಲೇಜು ಬಿಡಿಸ್ತೇನೆ, ಬಾ" ಎಂದು ಸಂಕಪ್ಪನೊಡನೆ ಪಂಥ ಕಟ್ಟಿ, ಶನಿವಾರ ಅಪ್ಪ ಮಗಳಿಬ್ಬರನ್ನೂ ಮೂಡುಬಿದಿರೆಯ ಕ್ಲಿನಿಕ್ಕಿಗೆ ಕರೆದೊಯ್ದೆ.

ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್, ಕೈಯಲ್ಲೊಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು ಎಂದರು ಕಿವಿ ಪರೀಕ್ಷಿಸುವ ಮೇಡಂ. ಸಂಕಪ್ಪ ಮೊದಲಿಗೆ ನಾಲ್ಕು ಸಲ ಒತ್ತಿದ, ಆಮೇಲೆ ಸುಮ್ಮನೆ ಕುಳಿತ. ತಟ್ಟನೆ ಎದ್ದು, "ಮೇಡಂ, ಆಫ್ ಮಾಡಿ ಕೂತಿದ್ದೀರಾ? ನನ್ನನ್ನು ಕಿವುಡ ಮಾಡಲಿಕ್ಕೆ ಎಲ್ಲರೂ ಸೇರಿದ್ದೀರಿ!" ಎಂದು ಕೂಗಾಡಿದ.

"ಇವನದ್ದೊಂದು ರಗಳೆ!" ಎಂದು ಹೆಡ್‌ಫೋನ್ ಕಸಿದು ನಾನೇ ಹಾಕಿಕೊಂಡೆ. ಕಾದೆ. ಏನೂ ಇಲ್ಲ.

"ಮೇಡಂ, ನಿಜವಾಗಿ ಆಫೇ ಉಂಟಲ್ಲ" ಎಂದೆ.

ಮೇಡಂ ಅದನ್ನು ಪ್ರಾಪ್ತಿಯ ತಲೆಗಿಟ್ಟರು. ಅವಳು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಮತ್ತೆ. ಸಂಕಪ್ಪ ಅವಳ ಬೆರಳನ್ನೇ ನೋಡುತ್ತ ನಿಂತ.

ಹೋದದ್ದು ಮರಳುವುದಿಲ್ಲ, ಕಿವಿಗೆ ಯಂತ್ರ ಹಾಕಿದರೆ ಮಾತು ಕೇಳುತ್ತದೆ, ಉಳಿದದ್ದನ್ನು ಮಫ್ ಹಾಕಿ ಕಾಪಾಡಿಕೊಳ್ಳಿ ಎಂದರು ಮೇಡಂ. ಇಬ್ಬರಿಗೂ ಹೇಳಿದರು, ಗಟ್ಟಿಯಾಗಿ.

ಹೊರಗೆ ಬಂದ ಮೇಲೆ ಸಂಕಪ್ಪ ಮಗಳ ಮುಂದೆ ತಲೆ ತಗ್ಗಿಸಿದ. "ನೀನು ಪಿಸುಗುಟ್ಟಲೇ ಇಲ್ಲವಾ ಮಗಾ? ಸೋಮವಾರ ಕಾಲೇಜಿಗೆ ಹೋಗು."

ನಾನು ಅವನನ್ನು ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಅವ್ವಮ್ಮ ನೆನಪಾದಳು. ಸರಿಯಾಗಿ ಮಾತಾಡಲು ಬರುವುದಿಲ್ಲವಾ ಎಂದು ಎಷ್ಟು ವರ್ಷದಿಂದ ಅವ್ವಮ್ಮನನ್ನು ಗದರಿಸುತ್ತಿದ್ದೇನೆ. ಈಚೆಗೆ ಅವಳು ನನ್ನೊಡನೆ ಮಾತಾಡುವುದನ್ನೇ ಬಿಟ್ಟಿದ್ದಾಳೆ.